ಸೊಸೆಯ ಸೈಕಲ್ಲಿಗೆ ಡಿಸ್ಕ್ ಬ್ರೇಕ್

ಮಾವನವರದು ಸುಮ್ಮನಿರುವ ಕೈಯಲ್ಲ. ಜೀವಮಾನವೆಲ್ಲ ಹೊಲಿಗೆ ಯಂತ್ರ ರಿಪೇರಿ ಮಾಡಿದ ಕೈ ಅದು. ಮನೆಯಲ್ಲಿ ಬಾಗಿಲು ಕಿರ್ ಅನ್ನಲಿ, ಫ್ಯಾನು ಗೊಣಗಲಿ, ಅವರ ಎಣ್ಣೆ ಡಬ್ಬಿ ಹಾಜರು. ಸದ್ದು ಮಾಡುವ ಯಾವ ವಸ್ತುವಿಗೂ ಅವರಲ್ಲಿ ಅದೊಂದೇ ಮದ್ದು. ಹೆಂಡತಿ ಬದುಕಿದ್ದಾಗ, "ನಾನು ಗೊಣಗಿದರೆ ನನಗೂ ಎರಡು ಹನಿ ಬಿಡ್ತೀರೇನೋ" ಎನ್ನುತ್ತಿದ್ದರು.

ಸೊಸೆಯದು ಮಾತು ಕಡಿಮೆ. ಮಾವನವರದೂ ಅಷ್ಟೇ. ಹೀಗಾಗಿ ಅವಳು ಮನೆಗೆ ಬಂದು ವರ್ಷಗಳಾದರೂ ಇಬ್ಬರ ಸಂಭಾಷಣೆ "ಊಟ ಆಯ್ತಾಮ್ಮ?", "ಆಯ್ತು ಮಾವ" ಎಂಬಲ್ಲಿಂದ ಮುಂದಕ್ಕೆ ಹೋಗಿರಲಿಲ್ಲ. ಮನೆ ಇರುವುದು ಕಡಿದಾದ ಬೀದಿಯ ಮೇಲ್ತುದಿಯಲ್ಲಿ. ಅವಳು ನರ್ಸಾಗಿರುವ ಕಣ್ಣಿನ ಆಸ್ಪತ್ರೆ ಇಳಿಜಾರಿನ ಬುಡದಲ್ಲಿ, ಬಸ್ಸುಗಳು ನುಗ್ಗುವ ಸರ್ಕಲ್ಲಿನ ಆಚೆ. ದಿನಾ ತನ್ನ ದಪ್ಪ ಟೈರಿನ ಮೌಂಟನ್ ಬೈಕಿನಲ್ಲಿ ಇಳಿದು ಹೋಗುತ್ತಿದ್ದಳು. ಚಕ್ರದ ಅಂಚನ್ನು ರಬ್ಬರಿನಿಂದ ಹಿಡಿಯುವ ಹಳೇ ಬ್ರೇಕು ಒಮ್ಮೆ ಮಳೆಯಲ್ಲಿ ಕೈಕೊಟ್ಟಿತು. ಅವಳು ಹೋಗಿ ಬ್ರೆಡ್ ಅಂಗಡಿಯ ಗೋಡೆಗೆ ಗುದ್ದಿ, ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದಳು. ಡಿಸ್ಕ್ ಬ್ರೇಕ್ ಹಾಕಿಸಲೇಬೇಕೆಂದು ಮನೆಯವರೆಲ್ಲ ಪಟ್ಟು ಹಿಡಿದರು.

"ಹಾಕಿಸೋದೇನು, ನಾವೇ ಹಾಕೋಣ" ಎಂದುಬಿಟ್ಟರು ಮಾವ.

ಭಾನುವಾರವಿಡೀ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಹೊಸ ಚಕ್ರಗಳ ನಡುಭಾಗಕ್ಕೆ ಒಂದೊಂದು ಸ್ಟೀಲಿನ ತೆಳು ತಟ್ಟೆ, ಅದೇ ಡಿಸ್ಕು. ಅದನ್ನು ಎರಡು ಕಡೆಯಿಂದ ಅದುಮಿ ಹಿಡಿಯಲು ಪುಟ್ಟ ಪ್ಯಾಡುಗಳು. ಅವನ್ನು ಕೂರಿಸುವ ತೂತುಗಳು ಪುಣ್ಯಕ್ಕೆ ಹಳೇ ಫ್ರೇಮಿನಲ್ಲೇ ಇದ್ದವು. ಸೊಸೆ ಮೊಬೈಲಿನಲ್ಲಿ ವಿಡಿಯೊ ನೋಡಿ ಹೇಳುವುದು, ಮಾವ ಬಿಗಿಯುವುದು. ಸಂಜೆಯ ಹೊತ್ತಿಗೆ ಇಬ್ಬರೂ, "ಅದಲ್ಲ ಮಾವ, ಆ ಕಡೇದು", "ನೀನು ಸುಮ್ನಿರಮ್ಮ, ನಂಗೊತ್ತು" ಎಂದು ಕಿತ್ತಾಡುವಷ್ಟು ಸಲಿಗೆಯಿಂದಿದ್ದರು. ಮಾವನವರು ಅಷ್ಟು ಖುಷಿಯಾಗಿದ್ದು ಎಷ್ಟೋ ಕಾಲದ ಮೇಲೆ.

ಸೋಮವಾರ ಬೆಳಿಗ್ಗೆ ಎದ್ದವರೇ ಚಕ್ರ ತಿರುಗಿಸಿ ನೋಡಿದರು. ತಟ್ಟೆ ಎಲ್ಲೋ ತಾಗಿ ಚೀಂಯ್ ಎಂದಿತು. ಆಸ್ಪತ್ರೆ ಎದುರು ನಾಲ್ಕು ಜನರ ಮುಂದೆ ಹೀಗೆ ಕಿರುಚಿದರೆ ಮರ್ಯಾದೆ ಹೋಗುವುದು ಯಾರದು? ಡಬ್ಬಿ ಬಂತು. ಎರಡೂ ಡಿಸ್ಕುಗಳಿಗೆ ಧಾರಾಳವಾಗಿ ಎಣ್ಣೆ ಬಿಟ್ಟು ತಿರುಗಿಸಿದರು. ಸದ್ದು ಅಡಗಿತು. ಸೊಸೆ ಹೊರಟಾಗ ಆ ವಿಷಯ ಎತ್ತಲೂ ಇಲ್ಲ. ಮಾಡಿದ ಉಪಕಾರವನ್ನು ಆಡಿ ತೋರಿಸುವ ಸ್ವಭಾವ ಅವರದಲ್ಲ.

ಗಡ್ಡ ಹೆರೆದುಕೊಳ್ಳುತ್ತಿದ್ದ ಮಗನ ಹತ್ತಿರ ಮಾತ್ರ ಬಾಯಿಬಿಟ್ಟರು. "ಆ ತಟ್ಟೆ ಕಿರುಚ್ತಿತ್ತು ಕಣೋ. ಸ್ವಲ್ಪ ಎಣ್ಣೆ ಬಿಟ್ಟೆ."

ಮಗನ ಕೈ ಕೆನ್ನೆಯ ಮೇಲೇ ನಿಂತಿತು. "ಬ್ರೇಕಿಗೆ ಎಣ್ಣೆನಾ ಅಪ್ಪ? ಉಜ್ಜಿದ್ರೆ ತಾನೆ ಅದು ಹಿಡಿಯೋದು?"

ಮಾವನವರು ಬಾಗಿಲ ಕಡೆ ತಿರುಗಿದರು. ಉಜ್ಜಾಟವನ್ನು ಜನ್ಮವಿಡೀ ಶತ್ರುವೆಂದು ತಿಳಿದ ಮನುಷ್ಯ, ಆ ಹುಡುಗಿಯ ಜೀವ ನಿಂತಿರುವುದೇ ಅದರ ಮೇಲೆ ಎಂದು ಯೋಚಿಸಿಯೇ ಇರಲಿಲ್ಲ. ಮಗ ಹೆಂಡತಿಗೆ ಫೋನ್ ಮಾಡಿದ. ಅವಳ ಮೊಬೈಲು ಒಳಕೋಣೆಯಲ್ಲಿ ಚಾರ್ಜಿಗಿಟ್ಟಲ್ಲೇ ರಿಂಗಾಯಿತು. ಅಷ್ಟರಲ್ಲಿ ಮಾವ ಬೀದಿಯಲ್ಲಿದ್ದರು.

ಆ ವಯಸ್ಸಿಗೆ ಓಡಬಾರದು, ಅದೂ ಇಳಿಜಾರಿನಲ್ಲಿ. ಓಡಿದರು. ಒಂದು ಚಪ್ಪಲಿ ಎಲ್ಲೋ ಉಳಿಯಿತು. ಪ್ರತಿ ತಿರುವಿನಲ್ಲೂ ಜನ ಗುಂಪುಗೂಡಿರಬಹುದೆಂದು ಕತ್ತು ಚಾಚಿ ನೋಡುತ್ತಿದ್ದರು. ಬ್ರೆಡ್ ಅಂಗಡಿ ದಾಟಿದರು. ಗೋಡೆ ಗೋಡೆಯಾಗಿಯೇ ಇತ್ತು. ಇನ್ನೊಂದು ತಿರುವು ಕಳೆದರೆ, ರಸ್ತೆಯ ಅಂಚಿನಲ್ಲಿ ಸೊಸೆ ಸೈಕಲ್ಲನ್ನು ತಳ್ಳಿಕೊಂಡು ನಿಧಾನವಾಗಿ ನಡೆದು ಹೋಗುತ್ತಿದ್ದಳು.

ಹೋದ ಜೀವ ಬಂದಂತಾಯಿತು. ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತು, "ಅಮ್ಮಾ, ನಿಲ್ಲಮ್ಮ" ಎಂದರು. ಅವಳು ಓಡಿ ಬಂದು ನೀರಿನ ಬಾಟಲಿ ಕೊಟ್ಟಳು.

"ಎಣ್ಣೆ ಹಾಕಿದ್ದು ನಾನೇ ಕಣಮ್ಮ."

"ಗೊತ್ತು ಮಾವ. ಗೇಟ್ ದಾಟಿದ ಮೇಲೆ, ಹತ್ತೋ ಮೊದಲು ಬ್ರೇಕ್ ಒತ್ತಿ ನೋಡ್ದೆ, ಹಿಡೀಲೇ ಇಲ್ಲ. ಮುಟ್ಟಿ ನೋಡಿದ್ರೆ ನಿಮ್ಮ ಮಷಿನ್ ಎಣ್ಣೆ ವಾಸನೆ."

"ವಾಪಸ್ ಬಂದು ನಾಲ್ಕು ಬೈಬಾರದಿತ್ತಾ?"

ಅವಳು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಸವರಿದಳು. "ಎಣ್ಣೆ ಕುಡಿದ ಪ್ಯಾಡ್ ಇನ್ನು ಕೆಲಸಕ್ಕೆ ಬರಲ್ಲ. ಹೊಸ ಪ್ಯಾಡ್ ತಂದು ನಾನೇ ಗುಟ್ಟಾಗಿ ಹಾಕ್ಕೊಳ್ಳೋಣ ಅಂತಿದ್ದೆ. ನಿಮಗೆ ಗೊತ್ತಾದ್ರೆ ಇನ್ಮೇಲೆ ನನ್ನ ಸೈಕಲ್ ಮುಟ್ಟೋದೇ ಬಿಟ್ಬಿಡ್ತೀರ ಅನ್ನಿಸ್ತು."

ಮಾವನವರು ನೀರು ಕುಡಿಯುವ ನೆವದಲ್ಲಿ ಮುಖ ಆ ಕಡೆ ತಿರುಗಿಸಿದರು. ದಾರಿಯುದ್ದಕ್ಕೂ ಅವರು ಅದೇ ಆಣೆ ಹಾಕಿಕೊಳ್ಳುತ್ತಾ ಓಡಿ ಬಂದಿದ್ದರು: ಈ ಹುಡುಗಿಯೊಂದು ಉಳಿದಿದ್ದರೆ ಸಾಕು, ಇನ್ನು ಅವಳ ಯಾವ ವಸ್ತುವನ್ನೂ ಮುಟ್ಟುವುದಿಲ್ಲ.

"ಆ ಪ್ಯಾಡ್ ಎಲ್ಲಿ ಸಿಗುತ್ತೆ?" ಎಂದು ಕೇಳಿದರು.