ಕೈಯೆತ್ತಿ ಆರಿಸಿದ ಚಾಕು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳುವುದಕ್ಕೆ ನಾನು ತಕ್ಕವಳೇ ಎಂಬುದು ನನಗೇ ಖಾತ್ರಿಯಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ, ಎರಡು ಚಳಿಗಾಲ ಆಲ್ಟ್‌ಡಾರ್ಫ್ ಪಟ್ಟಣದ ಸಂಜೆ ತರಗತಿಗೆ ಹೋಗಿ ನಾನು ಕಲಿತದ್ದು ಸಭೆಯ ನಡಾವಳಿ ಬರೆಯುವುದನ್ನು, ಕತೆ ಬರೆಯುವುದನ್ನಲ್ಲ. ನಡಾವಳಿಯಲ್ಲಿ ಯಾರಿಗೆ ಎಷ್ಟು ಸಿಟ್ಟು ಬಂತು ಎಂದು ಬರೆಯುವ ಹಾಗಿಲ್ಲ. ಇಲ್ಲಿ ಅದನ್ನು ಬಿಟ್ಟರೆ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ತಪ್ಪು ನನ್ನದೇ, ಏಕೆಂದರೆ ಶುರು ಮಾಡಿದವಳು ನಾನು.

ನಮ್ಮ ಕಣಿವೆಯಿಂದ ಮೇಲಿನ ಎಗ್ ಎಂಬ ಹುಲ್ಲುಗಾವಲಿಗೆ ರಸ್ತೆಯಿಲ್ಲ. ಅಲ್ಲಿನ ಏಳು ಮನೆಗಳಿಗೆ ಬ್ರೆಡ್ಡು ಹೋಗುವುದೂ ಅಲ್ಲಿಂದ ಹಾಲು ಇಳಿಯುವುದೂ ಜನ ಹತ್ತಿಳಿಯುವುದೂ ಒಂದು ಸಣ್ಣ ರೋಪ್‌ವೇಯಲ್ಲಿ. ತಂತಿಗೆ ನೇತುಬಿದ್ದ ಅದರ ಡಬ್ಬಿಯನ್ನು ನಾವೆಲ್ಲ ‘ಪೆಟ್ಟಿಗೆ’ ಅನ್ನುತ್ತೇವೆ. ರೋಪ್‌ವೇ ನಮ್ಮ ಸಹಕಾರ ಸಂಘದ್ದು. ನಾನು ಅದರ ಕಾರ್ಯದರ್ಶಿ. ಓಡಿಸುವವರು ಮೂವರು. ಒಬ್ಬ ಸಂಘದ ಅಧ್ಯಕ್ಷ ಅಂಬ್ರೋಸ್, ಡೈರಿಯಲ್ಲಿ ಚೀಸ್ ಮಾಡುವವನು. ಇನ್ನೊಬ್ಬ ಗ್ರೆಗೋರ್, ಕಾಡಿನಲ್ಲಿ ಮರ ಕಡಿಯುವ ಮೂವತ್ತರ ಆಳು. ಮೂರನೆಯವರು ನನ್ನ ಮಾವ ಮೆಲ್ಕ್, ಎಪ್ಪತ್ತೆರಡು ವರ್ಷ.

ಈ ಕೆಲಸಕ್ಕೆ ಜೇಬಿನಲ್ಲೊಂದು ಚಾಕು ಇರಲೇಬೇಕು. ಹುಲ್ಲಿನ ಕಟ್ಟಿನ ದಾರ ಕೊಯ್ಯಬೇಕು, ಪೆಟ್ಟಿಗೆಯ ಬಾಗಿಲ ಚಿಲಕದ ಸ್ಕ್ರೂ ಎರಡು ದಿನಕ್ಕೊಮ್ಮೆ ಸಡಿಲವಾಗುತ್ತದೆ, ಅದನ್ನು ಬಿಗಿ ಮಾಡಬೇಕು, ಚಳಿಗಾಲದಲ್ಲಿ ಬಾಗಿಲು ಸರಿಯುವ ತೋಡಿನಲ್ಲಿ ಕಟ್ಟಿದ ಮಂಜು ಕೆದಕಬೇಕು. ಆ ಚಳಿಗಾಲದಲ್ಲಿ ಮಾವನಿಗೊಂದು ಹೊಸ ಅಭ್ಯಾಸ ಬಂದದ್ದನ್ನು ನಾನು ಕಂಡೆ. ಪೆಟ್ಟಿಗೆಗೆ ಬಂದವರನ್ನೆಲ್ಲ ಕೇಳುತ್ತಿದ್ದರು: “ನಿನ್ನ ಚಾಕು ಯಾವುದು? ಬಿಚ್ಚಿ ತೋರ್ಸು ನೋಡೋಣ.” ಅವರು ಬಿಚ್ಚಿ ಕೊಟ್ಟರೆ ಅಲಗಿಗೆ ಹೆಬ್ಬೆರಳು ಸವರಿ, “ಪರವಾಗಿಲ್ಲ, ಚೂಪಾಗಿದೆ” ಅನ್ನುತ್ತ, ಹಾಗೇ ಎದುರಿದ್ದ ದಾರವನ್ನೂ ಕೊಯ್ದುಬಿಡುತ್ತಿದ್ದರು. ಸ್ವಂತ ಚಾಕು ಪ್ಯಾಂಟಿನ ಜೇಬಿನಿಂದ ಹೊರಗೆ ಬಂದದ್ದೇ ಇಲ್ಲ. ಒಂದು ದಿನ ನಾನು ರೋಪ್‌ವೇಯ ಕೆಳಗಿನ ನಿಲ್ದಾಣಕ್ಕೆ ಹಿಂದಿನ ಬಾಗಿಲಿನಿಂದ ಹೋದಾಗ ಅವರು ಆ ಚಾಕುವನ್ನು ಮಂಡಿಗಳ ನಡುವೆ ಅವುಚಿ, ಅಲಗನ್ನು ಇಕ್ಕಳದಿಂದ ಎಳೆಯುತ್ತಿದ್ದರು. ಹೆಬ್ಬೆರಳಿನ ಗಂಟು ಊದಿತ್ತು.

ನಾನು ಸದ್ದು ಮಾಡದೆ ವಾಪಸು ಬಂದೆ. ಚಾಕು ಬಿಚ್ಚಲಾರದವನು ಚಿಲಕ ಬಿಗಿ ಮಾಡಲಾರ. ಚಿಲಕ ಬಿಗಿ ಮಾಡಲಾರದವನನ್ನು ಸಂಘ ಇಟ್ಟುಕೊಳ್ಳುವುದಿಲ್ಲ. ಅತ್ತೆ ತೀರಿಕೊಂಡ ಮೇಲೆ ಅವರನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಕೆಳಗಿನ ನಿಲ್ದಾಣ ಒಂದೇ. ಗಂಡನಿಗೆ ಹೇಳಿದೆ. “ಅಪ್ಪನ ಹತ್ರ ವಾದ ಮಾಡೋದಕ್ಕಿಂತ ಬಂಡೆ ಹತ್ರ ಮಾಡ್ತೀನಿ, ಬಿಡು” ಅಂದ.

ಹಾಗಾಗಿ, ಮಾವನ ಹುಟ್ಟುಹಬ್ಬದ ನೆಪ ಹೇಳಿ ನಾನೇ ಅವರನ್ನು ಆಲ್ಟ್‌ಡಾರ್ಫ್‌ನ ಚಾಕು ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಹೆಂಗಸು ಹಸಿರು ಬಟ್ಟೆಯ ಮೇಲೆ ಒಂದೊಂದಾಗಿ ಇಟ್ಟಳು. ತೆಳ್ಳಗಿನದು ಬಂತು. “ಇದು ಕಾಗದ ಕತ್ತರಿಸೋರಿಗೆ” ಅಂದರು ಮಾವ. ಕತ್ತರಿ, ಚಿಮಟ, ಭೂತಗನ್ನಡಿ ಎಲ್ಲ ಇದ್ದ ದಪ್ಪನೆಯದು ಬಂತು. “ಇದನ್ನ ಜೇಬಲ್ಲಿ ಇಟ್ರೆ ಪ್ಯಾಂಟ್ ಕೆಳಗೆ ಬರುತ್ತೆ.” ಇಕ್ಕಳವೇ ಮಡಚಿಕೊಳ್ಳುವಂಥದು ಬಂತು. “ಇದು ಚಾಕುವಲ್ಲ, ಬಡಗಿಯ ಚೀಲ.”

“ನಿಮಗೆ ದಿನಾ ಬೇಕಾಗೋದು ಏನೇನು ಅಂತ ಹೇಳಿ ಮಾವ, ಅದನ್ನೇ ನೋಡೋಣ.”

“ಏನೂ ಬೇಡ. ನನ್ನ ಹತ್ರ ಇದೆಯಲ್ಲ.”

ಕೊನೆಗೆ ಆಕೆ ಅಲಗಿನಲ್ಲಿ ಬೆರಳು ಹೋಗುವಷ್ಟು ತೂತಿದ್ದ ಒಂದನ್ನು ಇಟ್ಟಳು. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆಯುವ ಕೆಲಸವೇ ಇಲ್ಲ. ತೂತಿಗೆ ಬೆರಳಿಟ್ಟು ನೂಕಿದರೆ ಸಾಕು. ಅಲಗು, ಎರಡು ಸ್ಕ್ರೂಡ್ರೈವರ್, ಒಂದು ದಬ್ಬಳ, ಅಷ್ಟೇ. ಆಕೆ ಬೇರೆ ಚಾಕುಗಳನ್ನು ತರಲು ಒಳಗೆ ಹೋದಾಗ ಮಾವ ಅದನ್ನು ಕೈಗೆತ್ತಿಕೊಂಡರು. ನಾನು ಗೋಡೆಯ ಕಡೆ ನೋಡುತ್ತಿರುವಂತೆ ನಟಿಸಿದೆ. ಟಕ್ ಎಂದು ಅಲಗು ಬಿಚ್ಚಿಕೊಂಡಿತು. ಮಡಚಿದರು, ಮತ್ತೆ ಬಿಚ್ಚಿದರು. ಆಕೆ ಹೊರಗೆ ಬರುವಷ್ಟರಲ್ಲಿ ಚಾಕು ಬಟ್ಟೆಯ ಮೇಲಿತ್ತು.

“ಒಂದೇ ಕೈಯಲ್ಲಿ ಬಿಚ್ಚಬಹುದು, ತುಂಬಾ ಅನುಕೂಲ” ಅಂದಳು ಆಕೆ.

“ನನಗೆ ಎರಡು ಕೈ ಇದೆ” ಅಂದರು ಮಾವ, ಟೋಪಿ ಹಾಕಿಕೊಂಡರು.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಸರಿಯಾದ ಚಾಕು ಸಿಕ್ಕಿತ್ತು, ಅದು ಸರಿಯಾದದ್ದೆಂದು ಅವರಿಗೂ ಗೊತ್ತಿತ್ತು. ಅಷ್ಟಾಗಿಯೂ ಖಾಲಿ ಕೈಯಲ್ಲಿ ಮನೆಗೆ! ಆ ಸಿಟ್ಟಿನಲ್ಲೇ ನನಗೆ ಆ ಉಪಾಯ ಹೊಳೆದದ್ದು. ಅವರೊಬ್ಬರಿಗೇ ಕೊಟ್ಟರೆ ಅವಮಾನ. ಮೂವರಿಗೂ ಒಂದೇ ಚಾಕು ಎಂದು ಸಂಘವೇ ನಿಯಮ ಮಾಡಿದರೆ? ಮಾರ್ಚ್ ತಿಂಗಳ ವಾರ್ಷಿಕ ಸಭೆಯ ಪಟ್ಟಿಗೆ ಒಂಬತ್ತನೆಯ ವಿಷಯವಾಗಿ ಸೇರಿಸಿದೆ: ‘ಓಡಿಸುವವರಿಗೆ ಏಕರೂಪದ ಜೇಬುಚಾಕು.’ ನಮ್ಮಲ್ಲಿ ಬೆಂಚಿನ ಬಣ್ಣಕ್ಕೂ ಕೈಯೆತ್ತಿಯೇ ತೀರ್ಮಾನವಾಗುವುದು ಎಂದು ಗೊತ್ತಿದ್ದೂ ಸೇರಿಸಿದೆ.

ಮೊದಲ ಎಂಟು ವಿಷಯ ಮುಕ್ಕಾಲು ಗಂಟೆಯಲ್ಲಿ ಮುಗಿದವು. ತಂತಿ ಬದಲಿಸುವ ವಿಷಯವೂ ಅದರಲ್ಲಿತ್ತು. ಚಾಕುವಿಗೆ ಎರಡೂವರೆ ಗಂಟೆ ಹಿಡಿಯಿತು. ನಾನು ಎದ್ದು ಆ ತೂತಿನ ಚಾಕುವಿನ ವಿವರ ಓದಿ, ಚಿತ್ರ ತೋರಿಸಿದೆ.

“ಬಿರಡೆ ತೆಗೆಯೋ ಸುರುಳಿ ಇಲ್ವಲ್ಲ ಇದರಲ್ಲಿ?” ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ.

“ಪೆಟ್ಟಿಗೆ ಓಡಿಸೋನಿಗೆ ವೈನ್ ಬಾಟ್ಲಿ ಯಾಕಪ್ಪ?”

“ಸೈನ್ಯದಲ್ಲಿ ಆಫೀಸರ್ ಚಾಕುವಿಗೆ ಸುರುಳಿ ಇತ್ತು, ನಮ್ಮಂಥೋರ ಚಾಕುವಿಗೆ ಇರ್ಲಿಲ್ಲ. ಈಗ ಸಂಘದಲ್ಲೂ ಅದೇ ತಾರತಮ್ಯನಾ?”

ಅಧ್ಯಕ್ಷ ಅಂಬ್ರೋಸ್ ಎದ್ದು ನಿಂತ. ತನ್ನ ಮನಸ್ಸಿನಲ್ಲಿರುವುದು ಹಳೇ ಮಾದರಿಯ ಕೆಂಪು ಚಾಕು ಎಂದ. ಎರಡು ಅಲಗು, ಸ್ಕ್ರೂಡ್ರೈವರ್, ಸುರುಳಿ. “ನಮ್ಮಪ್ಪ ಅದನ್ನೇ ಇಟ್ಕೊಂಡಿದ್ದ. ತೂತಿರೋ ಚಾಕು ನೋಡಿದ್ರೆ ಯಾರೋ ಅರ್ಧ ತಿಂದು ಬಿಟ್ಟ ಹಾಗಿದೆ.” ಎಲ್ಲರೂ ನಕ್ಕರು. ಆಗ ಎಗ್‌ನ ವಿಧವೆ ಕ್ರೆಸೆನ್ಸ್ ಕೈಯೆತ್ತಿದಳು. ಅವಳು ಕೈಯೆತ್ತಿದರೆ ತಿದ್ದುಪಡಿ ಬರುತ್ತದೆ ಎಂದೇ ಅರ್ಥ.

“ಚಾಕು ಕೊಟ್ರೆ ಸಾಲದು. ತುಕ್ಕು ಹಿಡಿದು ಜೇಬಲ್ಲೇ ಕೂತಿದ್ರೆ? ಪ್ರತಿ ತಿಂಗಳ ಮೊದಲ ಸೋಮವಾರ ಕಾರ್ಯದರ್ಶಿ ಎದುರು ಎಲ್ಲ ಭಾಗಾನೂ ಬಿಚ್ಚಿ ತೋರಿಸ್ಬೇಕು. ಬಿಚ್ಚದವರು ಬಿಚ್ಚೋವರೆಗೆ ಪೆಟ್ಟಿಗೆ ಮುಟ್ಟೋ ಹಾಗಿಲ್ಲ. ನಾವು ಮೇಲೆ ಇರೋರು, ನಮ್ಮ ಜೀವ ಆ ಚಿಲಕದ ಮೇಲಿದೆ.”

ಅದು ಯಾರ ವಿರೋಧವೂ ಇಲ್ಲದೆ ಪಾಸಾಯಿತು. ಆಮೇಲೆ ಚಾಕು ಯಾವುದು ಎಂಬುದಕ್ಕೆ ಮತ. ತೂತಿನ ಚಾಕುವಿಗೆ ಒಂಬತ್ತು ಕೈ, ಅದರಲ್ಲಿ ಒಂದು ನನ್ನದು. ಕೆಂಪು ಚಾಕುವಿಗೆ ಹತ್ತು. ಎಣಿಸುವುದು ನನ್ನ ಕೆಲಸ, ಎರಡು ಸಲ ಎಣಿಸಿದೆ. ಹತ್ತನೆಯ ಕೈ ಮಾವನದು.

ಏಪ್ರಿಲ್‌ನ ಮೊದಲ ಸೋಮವಾರ ಬಂತು. ಕೆಳಗಿನ ನಿಲ್ದಾಣದ ಮೇಲಿನ ಕೋಣೆಯಲ್ಲಿ ನಾನು ಪುಸ್ತಕ ಬಿಚ್ಚಿ ಕೂತೆ. ಮೊದಲು ಬಂದವರು ಮಾವ. ಸಂಘ ಕೊಟ್ಟ ಹೊಸ ಕೆಂಪು ಚಾಕುವನ್ನು ಮೇಜಿನ ಮೇಲಿಟ್ಟು, ಎತ್ತಿಕೊಂಡು, ಗೀರಿಗೆ ಉಗುರು ಸಿಕ್ಕಿಸಿದರು. ಹೊಸದರ ಸ್ಪ್ರಿಂಗು ಗಟ್ಟಿ. ಉಗುರು ಜಾರಿತು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಬೆರಳು ಬಿಳಿಚಿಕೊಂಡಿತು, ಹಣೆಯಲ್ಲಿ ಬೆವರು.

“ಮಾವ, ನಾನು ಒಂದು ನಿಮಿಷ ಕಿಟಕಿ ಕಡೆ ತಿರುಗ್ತೀನಿ. ಇಕ್ಕಳ ಡ್ರಾಯರ್‌ನಲ್ಲಿದೆ.”

“ತಿರುಗಬೇಡ. ಬರಿ, ಬಿಚ್ಚಲಿಲ್ಲ ಅಂತ.”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಹಿರಿಯರ ಎದುರು ಹಾಗೆ ಕೂಗಬಾರದಿತ್ತು. “ಯಾರಿಗೋಸ್ಕರ ಮಾವ ನಾನು ಇಷ್ಟೆಲ್ಲ ಒದ್ದಾಡಿದ್ದು? ಆ ಚಾಕು ನಿಮ್ಮ ಕೈಗೆ ಬಿಚ್ಚುತ್ತೆ, ನಾನು ಕಣ್ಣಾರೆ ನೋಡಿದ್ದೀನಿ! ನೀವೊಬ್ಬರು ಸುಮ್ಮನೆ ಕೂತಿದ್ರೂ ಒಂಬತ್ತು-ಒಂಬತ್ತು ಆಗ್ತಿತ್ತು. ಕೈಯೆತ್ತಿದ್ರೆ ಅದು ಗೆಲ್ತಿತ್ತು. ಅದು ಬಿಟ್ಟು ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೊಂಡ್ರಲ್ಲ!”

ಅವರು ಚಾಕುವನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡರು. “ಪಿಯಾ, ನೀನು ಒಳ್ಳೇದಕ್ಕೇ ಮಾಡ್ದೆ. ಆದ್ರೆ ನೀನು ಎದ್ದು ಓದೋವಾಗ ನನ್ನ ಕಡೆ ನೋಡ್ದೆ. ಒಂದೇ ಸಲ ಅಲ್ಲ, ಮೂರು ಸಲ. ನಾನೂ ಅದಕ್ಕೇ ಕೈಯೆತ್ತಿದ್ರೆ ಆ ಚಾಕು ಯಾರಿಗೋಸ್ಕರ ಅಂತ ಇಡೀ ಕೋಣೆಗೆ ಗೊತ್ತಾಗ್ತಿತ್ತು.”

ನಾನು ಬರೆದೆ: ಮೆಲ್ಕ್ — ಬಿಚ್ಚಲಿಲ್ಲ. ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಆ ದಿನ ಮಾತ್ರ ಹಾಗೆ ಬರೆಯಲು ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವರು ನಿಲ್ದಾಣದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಕೆಳಗಿಳಿದರು.

ಮೆಟ್ಟಿಲಲ್ಲೇ ಗ್ರೆಗೋರ್ ಎದುರಾದದ್ದು ಕೇಳಿಸಿತು. ಏನೋ ಎರಡು ಮಾತು. ಅವನು ಒಳಗೆ ಬಂದು ಮೇಜಿನ ಮೇಲಿದ್ದ ಬೀಗದ ಕೈ ನೋಡಿದ. ತೆರೆದಿಟ್ಟಿದ್ದ ಪುಸ್ತಕವನ್ನೂ ನೋಡಿದ. ಮುಚ್ಚಬೇಕಿತ್ತು, ನಾನು ಮುಚ್ಚಿರಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಚಾಕು ತೆಗೆದ. ಎಳೆದ, ತಿಣುಕಿದ, ಉಸಿರು ಬಿಟ್ಟ.

“ಆಗ್ತಿಲ್ಲ ಕಣಕ್ಕ. ಉಗುರೇ ಇಲ್ಲ ನೋಡು, ಮರದ ಕೆಲಸದೋನಿಗೆ ಉಗುರು ಎಲ್ಲುಳಿಯುತ್ತೆ?”

“ಸರಿಯಾಗಿ ಪ್ರಯತ್ನ ಮಾಡೋ.”

“ಮಾಡ್ದೆನಲ್ಲ. ಬರಿ.”

ಬರೆದೆ. ಕೊನೆಗೆ ಅಂಬ್ರೋಸ್ ಬಂದ. ಚೀಸ್ ಮಾಡುವವರು ಉಗುರನ್ನು ಚರ್ಮದವರೆಗೆ ಕತ್ತರಿಸಿಕೊಂಡಿರಬೇಕು, ಡೈರಿಯ ನಿಯಮ. ತನ್ನಪ್ಪನ ಚಾಕುವನ್ನು ಹೊಗಳಿದ ಮನುಷ್ಯ ಹತ್ತು ನಿಮಿಷ ಅದರೊಂದಿಗೆ ಕುಸ್ತಿಯಾಡಿದ. ಸುರುಳಿಯನ್ನು ಹೊರಗೆ ತಂದ. ಅಲಗು ಮಾತ್ರ ಜಗ್ಗಲಿಲ್ಲ.

“ಅಧ್ಯಕ್ಷರು ಅಂತ ಬಿಡೋಕಾಗಲ್ಲ” ಅಂದೆ. ನನ್ನ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

“ನಾನೆಲ್ಲಿ ಬಿಡು ಅಂದೆ?” ಎಂದು ರೇಗಿದ. “ನಿಯಮ ಅಂದ್ರೆ ನಿಯಮ. ಪೆಟ್ಟಿಗೆ ನಿಲ್ಲಿಸು.”

ನಿಲ್ಲಿಸಿದೆವು. ಬೇರೆ ಯಾವ ಊರಿನವರಾದರೂ ಪುಸ್ತಕ ಮುಚ್ಚಿ ಕೆಲಸ ನೋಡಿಕೊಳ್ಳುತ್ತಿದ್ದರು. ನಾವು ಓಡುತ್ತಿದ್ದ ರೋಪ್‌ವೇಯನ್ನು ನಿಲ್ಲಿಸಿ ಬಾಗಿಲಿಗೆ ಚೀಟಿ ಅಂಟಿಸಿದೆವು. ಮೇಲೆ ಹಾಲು ಕಾಯುತ್ತಿತ್ತು, ಕೆಳಗೆ ಬ್ರೆಡ್ಡು ಒಣಗುತ್ತಿತ್ತು. ಅರ್ಧ ಗಂಟೆಯಲ್ಲಿ ಕ್ರೆಸೆನ್ಸ್‌ಳ ಫೋನ್ ಬಂತು.

“ಪೆಟ್ಟಿಗೆ ಎಲ್ಲಿ?”

“ನಿನ್ನ ತಿದ್ದುಪಡಿಯಲ್ಲಿ ಸಿಕ್ಕಿಹಾಕ್ಕೊಂಡಿದೆ” ಅಂದೆ.

ಅವಳು ಎರಡು ಗಂಟೆ ಕಾಲುದಾರಿಯಲ್ಲಿ ನಡೆದು ಇಳಿದು ಬಂದಳು, ಬೂಟಿನ ತುಂಬ ಕರಗಿದ ಹಿಮ. ಮಧ್ಯಾಹ್ನ ಮೂರಕ್ಕೆ ತುರ್ತು ಸಭೆ. ಅವಳೇ ಮೊದಲು ಎದ್ದಳು. “ಮೂರು ಗಂಡಸರು, ಒಂದು ಚಾಕು ಬಿಚ್ಚೋಕಾಗಲ್ಲ! ಯಾವ ಬುದ್ಧಿವಂತ ಇದನ್ನ ಆರಿಸಿದ್ದು?” ಅಂಬ್ರೋಸ್ ತನ್ನ ಕಾಫಿಯೊಳಗೆ ನೋಡುತ್ತ ಕೂತ. ಹೊಸ ನಿಯಮ ಐದು ನಿಮಿಷದಲ್ಲಿ ಆಯಿತು: ಓಡಿಸುವವನು ತನ್ನ ಕೈಗೆ ಬಿಚ್ಚುವ ಯಾವ ಚಾಕುವನ್ನಾದರೂ ಇಟ್ಟುಕೊಳ್ಳಬಹುದು; ಆರಿಸುವುದು ಅವನಿಗೇ ಬಿಟ್ಟದ್ದು. ಹದಿನೇಳು ಕೈ. ವಿರೋಧ ಒಂದೂ ಇಲ್ಲ.

ಸಭೆ ಮುಗಿದ ಮೇಲೆ ಬೀಗದ ಕೈಯನ್ನು ಮಾವನಿಗೆ ವಾಪಸು ಕೊಟ್ಟೆ. ಮಾರನೆಯ ದಿನ ಅವರೊಬ್ಬರೇ ಆಲ್ಟ್‌ಡಾರ್ಫ್‌ನ ಬಸ್ಸು ಹತ್ತಿದರು. ನನ್ನನ್ನು ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ಈಗಲೂ ಅವರು ಪೆಟ್ಟಿಗೆ ಓಡಿಸುತ್ತಿದ್ದಾರೆ, ದಾರವನ್ನು ಸ್ವಂತ ಚಾಕುವಿನಿಂದಲೇ ಕೊಯ್ಯುತ್ತಾರೆ.

ಆದರೆ ಪುಸ್ತಕದಲ್ಲಿರುವ ಆ ಎರಡನೆಯ ಸಾಲು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಂಬ್ರೋಸ್‌ನದು ನಿಜ, ನಾನೇ ನೋಡಿದೆ. ಗ್ರೆಗೋರ್‌ನದು? ಅವನ ಬೆರಳುಗಳನ್ನು ಆವತ್ತು ನಾನು ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣು ಬೀಗದ ಕೈಯ ಮೇಲಿತ್ತು. ಅವನು ನಿಜವಾಗಿಯೂ ಸೋತನೋ, ಮೆಟ್ಟಿಲಲ್ಲಿ ಮಾವನ ಮುಖ ನೋಡಿ ಸೋತನೋ, ನಾನು ಬರೆದದ್ದು ನಿಜವೋ ಸುಳ್ಳೋ, ನನಗೆ ಗೊತ್ತಿಲ್ಲ. ಅವನನ್ನು ನಾನು ಕೇಳಿಲ್ಲ.