ಮಡಚದ ಕಾಲು

ಬಿಸಿನೀರು ಹೊಯ್ದು ಬಲಗಾಲನ್ನೇನೋ ಮಡಚಿದರು. ಎಡಗಾಲು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಜೇವರ್ಗಿಯಿಂದ ಓಡಿಬಂದ ಮಲ್ಕಪ್ಪ ಮೊಣಕಾಲಿನ ಮೇಲೆ ಭಾರ ಹಾಕಿ ಇನ್ನೊಮ್ಮೆ ಒತ್ತಿದ. ಸತ್ತವನು ಅವನ ತಮ್ಮ, ನಿಂಬರ್ಗಾದ ಟೇಲರ್ ಸಿದ್ದಲಿಂಗ. ಲಿಂಗವಂತರ ಹೆಣ, ಪದ್ಮಾಸನ ಹಾಕಿಸಿಯೇ ಮಣ್ಣು ಕೊಡಬೇಕು.

"ಒಳಗ ಕಬ್ಬಿಣದ ಸರಳ ಅದರಿ, ಭಾವಾ," ಅಂದಳು ಸತ್ತವನ ಹೆಂಡತಿ ಕಸ್ತೂರಿಬಾಯಿ. ಪುಣ್ಯಾತ್ಮ ಮಲ್ಕಪ್ಪ ಅದನ್ನು ಮರೆತೇಬಿಟ್ಟಿದ್ದ.

ಕೂತವರಲ್ಲಿ ಒಬ್ಬರು ಮುರಿಯಿರಿ ಅಂದರು, ಇನ್ನೊಬ್ಬರು ಕಂಪೌಂಡರನ್ನು ಕರೆಸಿ ತೊಡೆಯ ಹತ್ತಿರ ಕೊಯ್ಯಿಸಿದರಾಯಿತು ಅಂದರು. ಸತ್ತವನಿಗೇನು ನೋವು ಅಂತ ಎಲ್ಲರದೂ ಒಂದೇ ರಾಗ. ಆ ಕಾಲು ಪಟ್ಟ ಪಾಡು ಕಸ್ತೂರಿಬಾಯಿ ಒಬ್ಬಳಿಗೇ ಗೊತ್ತು.

*

ಮದುವೆಯಾದ ಎರಡನೇ ವರ್ಷ ಮೊಣಕಾಲು ಬಾತಾಗ ಉಳುಕು ಅಂತ ಎಣ್ಣೆ ತಿಕ್ಕಿದ್ದರು. ಸೊಲ್ಲಾಪುರದ ಡಾಕ್ಟರು ಎಕ್ಸ್‌ರೇ ತೆಗೆದು, ಎಲುಬಿನ ಚೂರನ್ನು ತಪಾಸಣೆಗೆ ಕಳಿಸಿ, ಇದು ಎಲುಬಿನ ಗಡ್ಡೆ, ಕ್ಯಾನ್ಸರ್ ಅಲ್ಲ, ಆದರೆ ಹಟಮಾರಿ, ಮತ್ತೆ ಬಂದೀತು ಅಂದರು. ಕೆರೆದು ತೆಗೆದು ಸಿಮೆಂಟು ತುಂಬಿದರು. ನನ್ನ ಕಾಲೊಳಗೇ ಪಕ್ಕಾ ಮನೆ ಕಟ್ಟಿದ್ದಾರೆ ಅಂತ ಸಿದ್ದಲಿಂಗ ನಕ್ಕಿದ್ದ.

ಎರಡು ವರ್ಷಕ್ಕೆ ಸಿಮೆಂಟಿನ ಅಂಚಿನಲ್ಲೇ ಎಲುಬು ಕರಗಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಮತ್ತೆ ಕೆರೆದರು. ಮೂರನೇ ಸಲ ಬಂದಾಗ ಮೊಣಕಾಲನ್ನೇ ತೆಗೆದು ಸರಳು ಕೂಡಿಸಿದರು. ಆಮೇಲೆ ಗಡ್ಡೆಯ ಸುದ್ದಿಯಿಲ್ಲ. ಅವನು ತುಳಿಯಲಾಗದೆ ಮೋಟಾರಿನ ಹೊಲಿಗೆ ಮಷಿನ್ ತಂದ, ಎಡಗಾಲು ಎರಡು ಬೆರಳು ಗಿಡ್ಡ ಇರುವ ಪೈಜಾಮ ತಾನೇ ಹೊಲಿದುಕೊಂಡ, ಊರೂಟಗಳಲ್ಲಿ ಸಾಲಿನ ಕೊನೆಗೆ ಕೂತು ಕಾಲು ಚಾಚಿ ಉಂಡ. ಹದಿನಾಲ್ಕು ವರ್ಷ ಹೀಗೇ ಬಾಳಿ ಇವತ್ತು ಮುಂಜಾನೆ ಎದೆ ಹಿಡಿದುಕೊಂಡು ಹೋಗಿಬಿಟ್ಟ.

*

ಮಲ್ಕಪ್ಪ ಕಂಪೌಂಡರಿಗೆ ಫೋನು ಹಚ್ಚುತ್ತಿದ್ದ. ಕಸ್ತೂರಿಬಾಯಿ ಬಂದು ಗಂಡನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇಷ್ಟು ವರ್ಷದಲ್ಲಿ ಭಾವನಿಗೆ ಎದುರು ಮಾತಾಡಿದವಳಲ್ಲ.

"ಮೂರು ಸಲ ಕೊಯ್ದಾರ್ರಿ. ನಾಕನೇದಕ್ಕ ನಾ ಕೊಡಂಗಿಲ್ಲ. ಕುಣಿ ಉದ್ದ ತೋಡಸ್ರಿ."

ಮಲ್ಕಪ್ಪ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದ. ಅಂಗೈಯಲ್ಲಿ ಲಿಂಗ ಇದ್ದರೆ ಸಾಕು, ಕಾಲು ಹೇಗಿದ್ದರೇನು ಅಂದುಬಿಟ್ಟರು ಅವರು. ಫೋನು ಜೇಬಿಗೆ ಹೋಯಿತು.

ಹೊಲದಲ್ಲಿ ಕುಣಿ ತೋಡುತ್ತಿದ್ದ ಸೈದಪ್ಪ ಹೆಣ ಕೂಡಿಸುವ ಗೂಡಿನ ಮುಂದೆ ಕಾಲಿಗೊಂದು ಕಾಲುವೆ ತೆಗೆದ. ಇಳಿಸಿದಾಗ ಹಿಮ್ಮಡಿ ಮಣ್ಣಿಗೆ ತಾಗಿತು. ಕಾಲುವೆ ನಾಲ್ಕು ಬೆರಳು ಕಡಿಮೆ ಬಿದ್ದಿತ್ತು. ತುಸು ಒತ್ತಿದರಾಯಿತು ಅಂದರು ಯಾರೋ.

ಮಲ್ಕಪ್ಪ ರುಮಾಲು ತೆಗೆದಿಟ್ಟು ಕುಣಿಗಿಳಿದ. ತಮ್ಮನ ಪಾದವನ್ನು ಒಂದು ಅಂಗೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಎರೆಮಣ್ಣು ತೋಡತೊಡಗಿದ.