ಖಂಡೇಪೂಜೆಯ ತಂತಿ

ಒಂದೇ ವಾರದಲ್ಲಿ ಎರಡನೇ ಸಲ, ಅದೂ ಒಂದೇ ಫ್ರೀಜರಿಗಾಗಿ, ಖಾಸಬಾಗದಿಂದ ನಂದಗಡಕ್ಕೆ ಹೋಗುವುದೆಂದರೆ ನನ್ನಂಥ ಮೆಕ್ಯಾನಿಕ್‌ಗೆ ಮುಖಕ್ಕೆ ಮಸಿ ಬಳಿದ ಹಾಗೆ. ಖಾನಾಪುರ ದಾಟುವವರೆಗೂ ನನ್ನನ್ನೇ ಬೈದುಕೊಂಡೆ. ಹೋದ ಸಲ ಸೋರುವ ಜಾಗ ಹುಡುಕದೆ ಬರೀ ಗ್ಯಾಸ್ ತುಂಬಿ ಬಂದಿದ್ದೆ. ಶಬ್ಬೀರ ಮಿಸ್ತ್ರಿ ಅಂದರೆ ಇಷ್ಟೇನಾ?

ನಂದಗಡದ ಶಿವಲಿಂಗವ್ವ ಹಾಲು ಬತ್ತಿಸಿ ಖವಾ ಮಾಡಿ ಮಾರುವವರು. ನಾಳೆ ಮಹಾಂತೇಶ ನಗರದ ಮದುವೆಗೆ ಮುಟ್ಟಬೇಕಾದ ಮೂವತ್ತು ಕಿಲೊ ಖವಾ ಫ್ರೀಜರಿನಲ್ಲಿತ್ತು, ಅಂಚು ಆಗಲೇ ಮೆತ್ತಗಾಗಿತ್ತು.

"ತಮ್ಮಾ, ಇದು ಕೆಟ್ಟರ ಮತ್ತ ಯಾರೂ ನನ್ನ ಕಡೆ ಬರಂಗಿಲ್ಲ," ಎಂದರು.

ಹಿಂಬದಿಗೆ ಟಾರ್ಚ್ ಬಿಟ್ಟೆ. ತಾಮ್ರದ ನಳಿಗೆಗೆ ಸಣ್ಣ ತಂತಿಯೊಂದು ಬಿಗಿದಿತ್ತು. ದಸರೆಯಲ್ಲಿ ಮಷಿನ್‌ಗಳಿಗೆ ಮಾಡುವ ಖಂಡೇಪೂಜೆಗೆ ಚೆಂಡುಹೂವಿನ ಮಾಲೆ ಕಟ್ಟಿದ್ದು. ಹೂವು ಉದುರಿ ತಂತಿ ಉಳಿದಿತ್ತು. ಮಷಿನ್ ನಡುಗಿದಾಗಲೆಲ್ಲ ಅದು ನಳಿಗೆಯನ್ನು ತಿಕ್ಕಿ ತಿಕ್ಕಿ ತೂತು ಮಾಡಿತ್ತು. ಹೋದ ಸಲವೂ ಅದು ನನ್ನ ಕಣ್ಣಿಗೆ ಬಿದ್ದಿತ್ತು.

ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡೆ. ಗರಗಸ ಹಚ್ಚಿದರೆ ಪುಡಿ ಒಳಗೆ ಬೀಳುತ್ತದೆ, ಅದಕ್ಕೆ ಕಟರ್ ಸುತ್ತಿಸಿ ಕೆಟ್ಟ ತುಂಡನ್ನು ತಂತಿ ಸಮೇತ ತೆಗೆದೆ. ಹೊಸ ತುಂಡಿನ ಬಾಯಿ ಅಗಲಿಸಿ, ಹಳೆಯ ನಳಿಗೆಯನ್ನು ಅದರೊಳಗೆ ಕೂರಿಸಿ, ನೈಟ್ರೋಜನ್ ಮೆಲ್ಲಗೆ ಹರಿಯಬಿಟ್ಟು ಬೆಸುಗೆ ಹಾಕಿದೆ. ಆಮೇಲೆ ಒತ್ತಡ ಏರಿಸಿ, ಶಿವಲಿಂಗವ್ವ ಕಲಸಿಕೊಟ್ಟ ಅಂಟವಾಳದ ನೊರೆ ಸವರಿದೆ.

ಒಂದೂ ಗುಳ್ಳೆ ಏಳಲಿಲ್ಲ. ಅರ್ಧ ಗಂಟೆಯಾದರೂ ಮೀಟರಿನ ಮುಳ್ಳು ಕದಲಲಿಲ್ಲ. ಒಳಗಿನ ಗಾಳಿಯನ್ನೆಲ್ಲ ಎಳೆದು, ತೂಗಿ ಗ್ಯಾಸ್ ಬಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗೋಡೆ ಕೈಗೆ ಅಂಟುವಷ್ಟು ತಣ್ಣಗಾಯಿತು. ಅಬ್ಬಾ, ಉಸಿರು ಬಂತು! ಶಿವಲಿಂಗವ್ವ ಖವಾ ಮುಟ್ಟಿ ನೋಡಿ, ನಗುತ್ತ ಅಲ್ಲೇ ನೆಲಕ್ಕೆ ಕುಳಿತರು.

ಆ ನಗು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ತಂತಿ ತೋರಿಸಿದೆ.

"ಹೋದ ಸಲನ ನೋಡಿದ್ನಿರಿ ಅಕ್ಕಾರ. ನಿಮ್ಮ ಪೂಜಾದ್ದು, ನಾ ಹೆಂಗ ಮುಟ್ಟಲಿ ಅಂತ ಬಿಟ್ಟೆ."

ನಗು ನಿಂತಿತು. ಬೈಸಿಕೊಳ್ಳಲು ತಯಾರಾದೆ.

"ಹತ್ತು ವರ್ಷ ಈ ಮನ್ಯಾಗ ಚಾ ಕುಡದಿ. ಮುಟ್ಟಾಕ ಅಂಜೂದು ಯಾವಾಗ ಕಲತಿ?" ಎಂದು ನನ್ನ ಕೈಯಿಂದ ತಂತಿ ಕಸಿದು ಕಸಕ್ಕೆಸೆದರು. "ಬಾವಿ ಮೋಟರಿಗೂ ಒಂದ ಕಟ್ಟೇನಿ. ಹೋಗು, ನೀನ ಬಿಚ್ಚಿ ಬಾ."